ಆ ಎರಡು ಎಲ್ಲಿಂದ ಬಂತು?

ನಮ್ಮ ಮನೆಗೂ ಹಾಲಿನ ಅಂಗಡಿಗೂ ನಡುವೆ ಒಂದು ಶಾಲೆ ಇದೆ. ಅದರ ಮುಂದೆ ಹೋಗುವಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ವಯಸ್ಸಾಯಿತು, ಬಿಪಿ ನೋಡಿಸಿಕೊಳ್ಳಿ ಎಂದು ನೀವು ಹೇಳಬಹುದು. ನೋಡಿಸಿಕೊಂಡಿದ್ದೇನೆ. ಬಿಪಿ ಸರಿಯಾಗಿಯೇ ಇದೆ. ಸರಿಯಿಲ್ಲದ್ದು ಆ ಶಾಲೆಯ ಕಿಟಕಿಗಳಿಂದ ಹೊರಗೆ ಬರುವ ಸದ್ದು.

ಸದ್ದೆಂದರೆ ಗಲಾಟೆಯಲ್ಲ. ಗಲಾಟೆಯಾದರೆ ನನಗೆ ಸಂತೋಷವೇ. ಮಕ್ಕಳಿರುವ ಕಡೆ ಅದು ಇರಬೇಕು. ಇದು ಬೇರೆ ಥರದ್ದು. ಮೇಷ್ಟರು ಒಂದು ವಾಕ್ಯ ಶುರು ಮಾಡುತ್ತಾರೆ. ಕೊನೆಯ ಪದದವರೆಗೆ ಬಂದು, ಅದರ ಅರ್ಧ ಮಾತ್ರ ಹೇಳಿ, ಬಾಯಿ ತೆರೆದುಕೊಂಡು ನಿಲ್ಲುತ್ತಾರೆ. ಉಳಿದರ್ಧವನ್ನು ಇಡೀ ಕ್ಲಾಸು ಒಟ್ಟಿಗೆ ಕೂಗಿ ಮುಗಿಸಬೇಕು. "ಎಲೆಗಳಲ್ಲಿರುವುದು ಕ್ಲೋರೋ..." "ಫಿಲ್!" "ಕೆಂಪು ಕೋಟೆ ಕಟ್ಟಿಸಿದವನು ಷಹಜ..." "ಹಾನ್!" ಇಂಗ್ಲಿಷಿನಲ್ಲಿ ಓದಿ, ತೆಲುಗಿನಲ್ಲಿ ವಿವರಿಸಿ, ಕೊನೆಗೆ ಮೇಷ್ಟರು ಕೇಳುತ್ತಾರೆ, "ಅರ್ಥಮಯ್ಯಿಂದಾ?" ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳು, ತೆಲುಗು ಮಾತಾಡುವ ಮಕ್ಕಳು, ಉರ್ದು ಮಾತಾಡುವ ಮಕ್ಕಳು ಎಲ್ಲ ಸೇರಿ, "ಅಯ್ಯಿಂದಿ ಸಾರ್!" ಅರ್ಥವಾಯಿತಂತೆ. ಇಷ್ಟು ಬೇಗ, ಇಷ್ಟು ಜನರಿಗೆ, ಒಂದೇ ಕ್ಷಣದಲ್ಲಿ ಅರ್ಥವಾಗುವ ಸಂಗತಿ ಈ ಭೂಮಿಯ ಮೇಲೆ ಬೇರೆ ಯಾವುದಿದೆ ಹೇಳಿ. ಹತ್ತಿ ಮಿಲ್ಲಿಗೆ ಬೆಂಕಿ ಬಿದ್ದರೂ ಆಂಧ್ರದ ಗಡಿಯಲ್ಲಿರುವ ಈ ಆದೋನಿಯಲ್ಲಿ ಅರ್ಧ ಊರಿಗೆ ಮರುದಿನ ಗೊತ್ತಾಗುತ್ತದೆ.

ನನ್ನ ತಮ್ಮ ವೀರೇಶ ತನ್ನ ಮಗಳು ಭಾಗ್ಯಳಿಗೆ ಈ ಶಾಲೆಯನ್ನು ಆರಿಸಿದ್ದು ಈ ಸದ್ದನ್ನು ಕೇಳಿಯೇ. ಅವನು ಹತ್ತಿ ವ್ಯಾಪಾರಿ. ಕೈಗೆ ಸಿಕ್ಕ ಅರಳೆಯನ್ನು ಎರಡು ಹೆಬ್ಬೆರಳುಗಳ ನಡುವೆ ಎಳೆದು, ಎಳೆ ಎಷ್ಟು ಉದ್ದ ಇದೆ ಎಂದು ನೋಡದೆ ಮಾತನ್ನೇ ಆಡದವನು. ಮಗಳ ವಿದ್ಯೆಯ ವಿಷಯಕ್ಕೆ ಬಂದಾಗ ಮಾತ್ರ ರಸ್ತೆಯ ಮೇಲೆ ನಿಂತು ಕಿವಿಗೊಟ್ಟು, "ನೋಡಕ್ಕ, ಏನ್ ಗತ್ತಿನ್ಯಾಗ ಓದಸ್ತಾರ! ಸರಕಾರಿ ಸಾಲ್ಯಾಗ ಹಿಂಗ ಕೇಳ್ತೈತೇನು?" ಎಂದು ತೀರ್ಮಾನ ಮಾಡಿಬಿಟ್ಟ. ಅವನೊಬ್ಬನೇ ಅಲ್ಲ. ಕೌತಾಳಂ ಕಡೆಯಿಂದ, ಹಾಲಹರವಿ ಕಡೆಯಿಂದ ಬಸ್ಸಿನಲ್ಲಿ ಮಕ್ಕಳನ್ನು ಇಲ್ಲಿಗೆ ಕಳಿಸುವ ತಂದೆತಾಯಂದಿರೂ ಹೀಗೆಯೇ. ಕೂಗು ಜೋರಾಗಿದ್ದರೆ ಕಲಿಕೆ ಜೋರು. ನಾನು ಆಗ ಏನಾದರೂ ಹೇಳಬಹುದಿತ್ತು. ಹೇಳಿದೆನೋ ಇಲ್ಲವೋ ನೆನಪಿಲ್ಲ. ಹೇಳಿದೆ ಎಂದು ನನ್ನ ಡೈರಿ ಹೇಳುತ್ತದೆ, ಆದರೆ ನನ್ನ ಡೈರಿಯಲ್ಲಿ ನಾನು ಯಾವಾಗಲೂ ಸ್ವಲ್ಪ ಧೈರ್ಯವಂತೆ.

ನನ್ನ ವಿಷಯ ಇಷ್ಟು. ಇತಿಹಾಸದಲ್ಲಿ ಎಂ.ಎ. ಮಾಡಿದೆ. ಆಮೇಲೆ ಬಿ.ಎಡ್. ಕೂಡ ಮಾಡಿ, ಬೋಧನಾ ಪದ್ಧತಿಗಳ ಪತ್ರಿಕೆಯಲ್ಲಿ ಒಳ್ಳೆಯ ಅಂಕ ತೆಗೆದುಕೊಂಡು, ಕೊನೆಗೆ ಅಂಚೆ ಕಚೇರಿಯಲ್ಲಿ ಸೇರಿ ಮುದ್ರೆ ಒತ್ತುತ್ತ ನಿವೃತ್ತಳಾದೆ. ಉಪನ್ಯಾಸ ಪದ್ಧತಿ, ಪ್ರಾತ್ಯಕ್ಷಿಕೆ ಪದ್ಧತಿ, ಚರ್ಚಾ ಪದ್ಧತಿ, ಆಟದ ಪದ್ಧತಿ, ಯೋಜನಾ ಪದ್ಧತಿ, ಎಲ್ಲವನ್ನೂ ಅವುಗಳ ಗುಣದೋಷಗಳ ಸಮೇತ ಬಾಯಿಪಾಠ ಮಾಡಿದ್ದೆ. ಬಾಯಿಪಾಠದ ದೋಷಗಳನ್ನೂ ಬಾಯಿಪಾಠವೇ ಮಾಡಿದ್ದೆ. ಇದರಲ್ಲಿ ನಗುವಂಥದ್ದಿದೆ ಎಂದು ಆಗ ಯಾರಿಗೂ ಅನ್ನಿಸಲಿಲ್ಲ.

ಈಗ ನನ್ನ ಸಿಟ್ಟಿನ ಮೂಲಕ್ಕೆ ಬರುತ್ತೇನೆ. ಶಾಲೆಯಲ್ಲಿ ತಂದೆತಾಯಂದಿರಿಗೆಂದು ಒಂದು ಡೆಮೋ ಕ್ಲಾಸು ಇಟ್ಟಿದ್ದರು. ಎಂಟನೇ ಕ್ಲಾಸಿನ ಫೌಂಡೇಶನ್ ಸೆಕ್ಷನ್ನಿನ ಗಣಿತ. ಈ ಫೌಂಡೇಶನ್ ಸೆಕ್ಷನ್ ಎನ್ನುವುದು ನಮ್ಮ ಕಡೆ ಖಾಸಗಿ ಶಾಲೆಗಳ ಮೇಲಂತಸ್ತು. ಅಲ್ಲಿದ್ದವರಿಗೆ ಮುಂದೆ ಗಣಿತ, ಅಲ್ಲಿಂದ ಇಳಿದವರಿಗೆ 'ಲೈಟ್' ಗಣಿತ, ಹತ್ತನೇ ಕ್ಲಾಸಾದ ಮೇಲೆ ಅದೂ ಇಲ್ಲ. ಭಾಗ್ಯ ಮೇಲಂತಸ್ತಿನಲ್ಲಿದ್ದಳು. ಗಣಿತವೆಂದರೆ ಆಕೆಗೆ ಇಷ್ಟ. ಅಡುಗೆಮನೆಯಲ್ಲಿ ತಾಯಿ ಗಿರಿಜಾ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂತು, ಇಷ್ಟು ದುಂಡಗೆ ಹೆಂಗ ಬರ್ತೈತವ್ವಾ ಎಂದು ಕೇಳುವ ಹುಡುಗಿ.

ನಾವು ಹಿರಿಯರೆಲ್ಲ ಹಿಂದಿನ ಬೆಂಚುಗಳಲ್ಲಿ ಕೂತಿದ್ದೆವು. ಮೊಣಕಾಲು ಎಲ್ಲಿಡಬೇಕೆಂದು ಗೊತ್ತಾಗದೆ ವೀರೇಶ ಒದ್ದಾಡುತ್ತಿದ್ದ. ಪಕ್ಕದಲ್ಲಿ ಹತ್ತಿ ಮಾರುಕಟ್ಟೆ ಯಾರ್ಡಿನ ಅವನ ಗೆಳೆಯರು, ಬಿಳಿ ಅಂಗಿ, ಅತ್ತರಿನ ವಾಸನೆ. ಮುಂದೆ ಕುರ್ಚಿಯಲ್ಲಿ ಶಾಲೆಯ ಕರೆಸ್ಪಾಂಡೆಂಟ್, ಅಂದರೆ ಮಾಲೀಕರು. ಗಣಿತದ ಮದ್ದಿಲೇಟಿ ಸಾರ್ ಚಿಕ್ಕ ವಯಸ್ಸಿನವರು. ಅವತ್ತು ಅವರ ಕತ್ತಿಗೆ ಮೈಕು ಬೇರೆ ಕಟ್ಟಿದ್ದರು. ಬೋರ್ಡಿನ ಮೇಲೆ ಬರೆದು ಶುರು ಮಾಡಿದರು. "ಎ ಪ್ಲಸ್ ಬಿ ಹೋಲ್..." "ಸ್ಕ್ವೇರ್!" "ಈಸ್ ಈಕ್ವಲ್ ಟು ಎ ಸ್ಕ್ವೇರ್ ಪ್ಲಸ್ ಟೂ..." "ಏಬಿ!" "ಪ್ಲಸ್ ಬಿ..." "ಸ್ಕ್ವೇರ್!" ಗೋಡೆ ನಡುಗಿತು. ಗೆಳೆಯರೊಬ್ಬರು ವೀರೇಶನ ತೊಡೆ ತಟ್ಟಿದರು. "ಅರ್ಥಮಯ್ಯಿಂದಾ?" "ಅಯ್ಯಿಂದಿ ಸಾರ್!"

ಆ ಕೂಗು ಇನ್ನೂ ಇಳಿಯುತ್ತಿರುವಾಗಲೇ ಭಾಗ್ಯ ಎದ್ದು ನಿಂತಳು. ಆಕೆ ಉತ್ತರ ಹೇಳಲಿಕ್ಕೆ ಎದ್ದಿದ್ದಾಳೆಂದು ವೀರೇಶ ನೆಟ್ಟಗೆ ಕೂತ. ಆಕೆ ಇಂಗ್ಲಿಷೂ ಅಲ್ಲ, ತೆಲುಗೂ ಅಲ್ಲ, ಮನೆಯ ಮಾತಿನಲ್ಲಿ ಕೇಳಿದಳು. "ಸಾರ್, ಆ ಎರಡು ಎಲ್ಲಿಂದ ಬಂತ್ರಿ?"

ಮೈಕಿನಲ್ಲಿ ಸಾರಿನ ಉಸಿರು ಕೇಳಿಸಿತು.

"ಯಾವ ಎರಡಮ್ಮಾ?"

"ಟೂ ಏಬಿ ಅಂದ್ರೆಲ್ರಿ. ಆಕಡಿ ಎರಡು ಇಲ್ಲ. ಈಕಡಿ ಬಂದೈತಿ. ಎಲ್ಲಿಂದ ಬಂತು?"

ಹುಡುಗರು ನಕ್ಕರು. ಹಿಂದಿನ ಬೆಂಚಿನಲ್ಲಿದ್ದ ಕೆಲವರೂ ನಕ್ಕರು. "ಅದು ಫಾರ್ಮುಲಾ ಅಮ್ಮಾ, ಕೂರ್ಚೋ," ಎಂದರು ಕರೆಸ್ಪಾಂಡೆಂಟ್ ತೆಲುಗಿನಲ್ಲಿ, ಕೂತುಕೋ ಎಂದು ಕೈ ಸನ್ನೆ ಮಾಡುತ್ತ. ಆಕೆ ಕೂತಳು. ಸಾರ್ ಮುಂದಿನ ಫಾರ್ಮುಲಾಕ್ಕೆ ಹೋದರು. ವೀರೇಶ ಮಾತ್ರ ಅಲ್ಲೇ ಉಳಿದುಬಿಟ್ಟ. ಅವನ ಕಿವಿ ಕೆಂಪಾದದ್ದು ನನಗೆ ಕಂಡಿತು.

ಎರಡು ದಿನವಾದ ಮೇಲೆ ಶಾಲೆಯಿಂದ ಫೋನು. ಭಾಗ್ಯಳಿಗೆ ಫೌಂಡೇಶನ್ ಸೆಕ್ಷನ್ ಭಾರವಾಗುತ್ತಿದೆಯಂತೆ. ಬೇಸಿಕ್ಸ್ ವೀಕ್ ಅಂತೆ. ಸಾಮಾನ್ಯ ಸೆಕ್ಷನ್ನಿಗೆ ಹಾಕಿದರೆ ಮಗುವಿಗೆ ಹಗುರವಂತೆ. ತಂದೆಯವರು ಬಂದು ಒಪ್ಪಿಗೆ ಹೇಳಿ ಹೋದರೆ ಸೋಮವಾರದಿಂದಲೇ ಬದಲಾಯಿಸುತ್ತಾರಂತೆ. ನೋಡಿ ಚಮತ್ಕಾರ! ಕೂಗಿದವರಿಗೆಲ್ಲ ಅರ್ಥವಾಗಿದೆ, ಕೇಳಿದವಳು ದಡ್ಡಿ.

"ಹಾಕ್ಲಿ ಬಿಡಕ್ಕ," ಎಂದ ವೀರೇಶ ಊಟಕ್ಕೆ ಕೂತು. "ಆಕಿಗೆ ಆಗಂಗಿಲ್ಲ ಅಂದ್ರ ಆಗಂಗಿಲ್ಲ. ಹತ್ತರ ತನಕ ಹೆಂಗೋ ಓದ್ಲಿ. ಆಮ್ಯಾಲ ನೋಡೋಣ."

"ಆಮ್ಯಾಲ ಏನ್ ನೋಡ್ತೀ? ಗಂಡನ್ನ?"

"ನೀ ಸುಮ್ನಿರು. ಯಾರ್ಡಿನ್ಯಾಗ ನನ್ನ ಮಾರಿ ನೋಡಿ ನಗ್ತಾರ. 'ಏನಪ್ಪಾ ವೀರೇಶ, ಆ ಎರಡು ಸಿಕ್ತೇನು?' ಅಂತ ದಿನಾ ಕೇಳ್ತಾರ."

ಬಾಗಿಲಲ್ಲಿ ನಿಂತಿದ್ದ ಭಾಗ್ಯ ಕೇಳಿದಳು, "ಸಿಕ್ತೇನಪ್ಪಾ?"

ಆಕೆ ತಮಾಷೆಗೆ ಕೇಳಿದ್ದಲ್ಲ. ನಿಜವಾಗಿಯೂ ಯಾರಿಗಾದರೂ ಗೊತ್ತಿದ್ದರೆ ತಿಳಿದುಕೊಳ್ಳೋಣ ಎಂದು ಕೇಳಿದ್ದು. ವೀರೇಶ ತಟ್ಟೆ ಸರಿಸಿ ಎದ್ದ. ಆಕೆ ಒಳಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು; ಅಳುವವರನ್ನು ಹೇಗೆ ಸಮಾಧಾನ ಮಾಡಬೇಕೆಂದು ಗೊತ್ತು. "ಅತ್ತಿ, ಸೋಮವಾರದಿಂದ ನಂಗ ಗಣಿತ ಇರಂಗಿಲ್ಲೇನು?" ಎಂದು ಮಾತ್ರ ಕೇಳಿದಳು. ಇರುತ್ತದೆ ಎಂದೆ. ಯಾವ ಆಧಾರದ ಮೇಲೆ ಹಾಗೆಂದೆನೋ ದೇವರೇ ಬಲ್ಲ.

ಇಲ್ಲಿ ನಾನು 'ನಮ್ಮ ಕಾಲದ ಮೇಷ್ಟರು' ಎಂದು ಶುರು ಮಾಡಬೇಕು. ನನ್ನ ವಯಸ್ಸಿನವರು ಬರೆಯುವಾಗ ಅದೊಂದು ರೂಢಿ. ನಿಜವಾಗಿ ಶುರು ಮಾಡಿಯೂ ಇದ್ದೆ. ನಮ್ಮ ಹಳ್ಳಿಯ ಮೇಷ್ಟರೊಬ್ಬರು ಜೋಳದ ರೊಟ್ಟಿಯನ್ನು ಅರ್ಧ, ಕಾಲು, ಅರೆಕಾಲು ಮುರಿದು ತೋರಿಸಿ ಭಿನ್ನರಾಶಿ ಕಲಿಸಿದ್ದು, ಪಾಠ ಮುಗಿದ ಮೇಲೆ ಆ ಪಾಠವನ್ನು ನಾವು ತಿಂದದ್ದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಬರೆದು ವೀರೇಶನಿಗೆ ಓದಿ ಹೇಳಿದೆ. "ಯಾವ ರೊಟ್ಟಿ?" ಎಂದ. "ಆ ಮೇಷ್ಟ್ರು ಕಿವಿ ಸಂದ್ಯಾಗ ಉಸುಕಿನ ಹಳ್ಳು ಇಟ್ಟು ಹಿಂಡ್ತಿದ್ರು. ರೊಟ್ಟಿ ಮುರಿದು ತೋರಿಸಿದಾಕಿ ಅವ್ವ." ಹಾಗೆಂದ ಕೂಡಲೇ ಅವ್ವನ ಬಳೆಯ ಸದ್ದೂ ನನಗೆ ನೆನಪಾಯಿತು. ಅದು ನಿಜವಾದ ನೆನಪೋ, ಅವನು ಹೇಳಿದ ಮೇಲೆ ನಾನು ತೊಡಿಸಿದ ಬಳೆಯೋ ತಿಳಿಯದು. ಇತಿಹಾಸ ಓದಿದವಳಿಗೆ ಒಂದೇ ಸಾಕ್ಷಿಯ ಮೇಲೆ ತೀರ್ಪು ಕೊಡಬಾರದೆಂದು ಗೊತ್ತಿರಬೇಕು. ಆದ್ದರಿಂದ ನಮ್ಮ ಕಾಲದ ಮೇಷ್ಟರನ್ನು ಬಿಟ್ಟುಬಿಡುತ್ತೇನೆ. ಅವರು ಚೆನ್ನಾಗಿ ಕಲಿಸುತ್ತಿದ್ದರು ಎನ್ನುವುದಕ್ಕೆ ನಾನೇ ಪುರಾವೆ ಎಂದರೆ, ಆ ಪುರಾವೆಗೆ ಆ ಎರಡು ಎಲ್ಲಿಂದ ಬಂತೆಂದು ಗೊತ್ತಿರಲಿಲ್ಲ.

ಹೌದು, ನನಗೆ ಗೊತ್ತಿರಲಿಲ್ಲ. ಸಿಟ್ಟಿನ ನಡುವೆ ಇದು ತಣ್ಣಗೆ ನನ್ನ ಎದೆಗೆ ತಾಗಿತು. ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ನನಗೆ ಇವತ್ತಿಗೂ ಬಾಯಿಗೆ ಬರುತ್ತದೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಆದರೆ ಇಷ್ಟು ವರ್ಷ ನನ್ನ ಬಾಯಲ್ಲಿ ಬಾಡಿಗೆಗಿದ್ದ ಆ ಎರಡನ್ನು, ನೀನು ಯಾರಪ್ಪಾ, ಯಾವೂರು ಎಂದು ನಾನು ಒಂದು ದಿನವೂ ವಿಚಾರಿಸಿರಲಿಲ್ಲ.

ಕೂಗಿ ಕಲಿಯುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. ಮಗ್ಗಿಯನ್ನು ಕೂಗಿಯೇ ಕಲಿಯಬೇಕು. ಅಂಚೆ ಕಚೇರಿಯ ಕಿಟಕಿಯಲ್ಲಿ ಕೂತಷ್ಟು ಕಾಲ ಆ ಮಗ್ಗಿ ನನ್ನನ್ನು ಕಾಪಾಡಿತು. ಅಂಜುವ ಮಗುವಿಗೆ ಕೂಗು ಒಂದು ಆಸರೆ. ನಾಲ್ಕು ದನಿಯ ನಡುವೆ ತನ್ನದನ್ನೂ ಸೇರಿಸಿ ಧೈರ್ಯ ತಂದುಕೊಳ್ಳುತ್ತದೆ. ಆದರೆ ಆ ನಾಲ್ಕು ದನಿಯ ಮರೆಯಲ್ಲೇ ಅರ್ಥವಾಗದ ಮಗುವೂ ಅಡಗಿ ಕೂರುತ್ತದೆ, ಮೇಷ್ಟರು ಅದನ್ನು ಹುಡುಕಬೇಕಾಗಿಲ್ಲ. ಗುಂಪು ಚಟುವಟಿಕೆಯೂ ಹಾಗೆಯೇ. ಬಿ.ಎಡ್.ನಲ್ಲಿ ನಾವು ಮಕ್ಕಳನ್ನು ಗುಂಪು ಮಾಡಿ ಕೂರಿಸಿದರೆ, ಒಂದು ಮಗು ಲೆಕ್ಕ ಮಾಡುತ್ತಿತ್ತು, ಉಳಿದವು ಅದರ ಪೆನ್ಸಿಲ್ ಕೆತ್ತಿಕೊಡುತ್ತಿದ್ದವು. ವೀಕ್ಷಕರು 'ಸಹಕಾರ ಚೆನ್ನಾಗಿದೆ' ಎಂದು ಬರೆದುಕೊಳ್ಳುತ್ತಿದ್ದರು. ಪದ್ಧತಿ ಯಾವುದಾದರೂ ಇರಲಿ, ಮಗುವಿನ ತಲೆಯೊಳಗೆ ಏನಾಯಿತು ಎಂದು ಇಣುಕಿ ನೋಡುವ ಒಂದು ಕಿಂಡಿ ಅದರಲ್ಲಿ ಇರಬೇಕು. 'ಅರ್ಥವಾಯಿತಾ?' ಎನ್ನುವುದು ಕಿಂಡಿಯಲ್ಲ. ಅದು ಬಾಗಿಲು ಹಾಕುವ ಸದ್ದು.

ಶಾಲೆಯಿಂದ ಫೋನು ಬಂದ ಮರುದಿನ ಸಂಜೆ ಗೇಟಿನ ಹತ್ತಿರ ಮದ್ದಿಲೇಟಿ ಸಾರನ್ನು ಹಿಡಿದೆ. ಜಗಳವಾಡಲೆಂದೇ ಹೋಗಿದ್ದೆ. ನಾಲ್ಕು ಒರಟು ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಅವರು ಸ್ಕೂಟರಿನ ಹತ್ತಿರ ನಿಂತು ಬೆವರು ಒರೆಸಿಕೊಳ್ಳುತ್ತಿದ್ದರು. ನನ್ನನ್ನು ಕಂಡ ಕೂಡಲೇ, "ನೀವು ಭಾಗ್ಯನ ಅತ್ತಿ ಅಲ್ರೀ ಮೇಡಂ? ಆಕಿ ಕೇಳಿದ್ದು ಭಾಳ ಚಲೋ ಪ್ರಶ್ನೆ," ಎಂದುಬಿಟ್ಟರು. ನನ್ನ ಒರಟು ಮಾತುಗಳೆಲ್ಲ ವ್ಯರ್ಥವಾದವು.

"ಚಲೋ ಪ್ರಶ್ನೆ ಆದ್ರ ಉತ್ತರ ಯಾಕ ಹೇಳಲಿಲ್ಲ?"

ಅವರು ಆಚೆ ಈಚೆ ನೋಡಿದರು. ಪಕ್ಕದ ಜಿನ್ನಿಂಗ್ ಮಿಲ್ಲಿನಿಂದ ಹಾರಿಬಂದ ಹತ್ತಿಯ ಧೂಳು ಸ್ಕೂಟರಿನ ಕರಿ ಸೀಟಿನ ಮೇಲೆ ಬೆಳ್ಳಗೆ ಕೂತಿತ್ತು. ಅದರ ಮೇಲೆ ಬೆರಳಿನಿಂದ ಒಂದು ಚೌಕ ಎಳೆದರು. "ಇದು ಎ ಉದ್ದ, ಎ ಅಗಲ. ಎ ಸ್ಕ್ವೇರ್. ಈಗ ಬಲಗಡಿ ಬಿ ಅಷ್ಟು ಹೆಚ್ಚು ಮಾಡ್ರಿ, ಮ್ಯಾಲೂ ಬಿ ಅಷ್ಟು ಹೆಚ್ಚು ಮಾಡ್ರಿ." ಚೌಕದ ಬಲಕ್ಕೆ ಒಂದು ಪಟ್ಟಿ ಬಂತು. ಮೇಲೆ ಒಂದು ಪಟ್ಟಿ ಬಂತು. ಮೂಲೆಯಲ್ಲಿ ಒಂದು ಪುಟ್ಟ ಚೌಕ ಖಾಲಿ ಉಳಿಯಿತು, ಅದನ್ನೂ ಮುಚ್ಚಿದರು. ದೊಡ್ಡದೊಂದು ಚೌಕವಾಯಿತು. ಪಟ್ಟಿಗಳು ಎರಡು. ಒಂದೊಂದೂ ಎ ಉದ್ದ, ಬಿ ಅಗಲ.

ನಾನು ಆ ಸೀಟನ್ನೇ ನೋಡುತ್ತ ನಿಂತೆ. ಇಷ್ಟೇನಾ? ಇಷ್ಟೇ.

"ಕ್ಲಾಸಿನ್ಯಾಗ ಇದನ್ನ ಹಾಕಾಕ ಏನ್ ಅಡ್ಡಿ?"

"ಟೈಮ್ ರೀ ಮೇಡಂ. ಹಿಂಗ ಹೇಳಿದ್ರ ಒಂದು ಫಾರ್ಮುಲಾಕ್ಕ ಒಂದು ಪೀರಿಯಡ್ ಹೋಗ್ತೈತಿ. ವಾರಾ ಟೆಸ್ಟು. ಸಿಲಬಸ್ ಹಿಂದ ಬಿದ್ರ ನನ್ನ ಕರೀತಾರ. ಮತ್ತ..." ಅವರು ದನಿ ತಗ್ಗಿಸಿದರು. "ಕ್ಲಾಸು ಸುಮ್ಮನಿದ್ರ ಕರೆಸ್ಪಾಂಡೆಂಟ್ ಸಾರು ಕಾರಿಡಾರಿನ್ಯಾಗ ನಿಂತು ಕೇಳ್ತಾರ, ಪಾಠ ನಡದೈತೋ ಇಲ್ಲೋ ಅಂತ. ಹುಡುಗ್ರು ವಿಚಾರ ಮಾಡುವಾಗ ಸದ್ದು ಬರಂಗಿಲ್ಲಲ್ರೀ."

ಈ ಕೊನೆಯ ಮಾತನ್ನು ಅವರು ನಿಜಕ್ಕೂ ಹೀಗೆಯೇ ಹೇಳಿದರೋ, ಬರೆಯುವಾಗ ನಾನು ಸ್ವಲ್ಪ ನೇರ್ಪು ಮಾಡಿದೆನೋ ಖಾತ್ರಿಯಿಲ್ಲ. ಆದರೆ ಅವರ ಮುಖದಲ್ಲಿ ಅದೇ ಇತ್ತು. ತಿಳಿದದ್ದನ್ನು ತಿಳಿಸಲು ಅನುಮತಿ ಇಲ್ಲದ ಮನುಷ್ಯನ ಮುಖ.

ದಾರಿಯಲ್ಲಿ ಬರುವಾಗ, ಆದೋನಿ ಬಳ್ಳಾರಿ ಜಿಲ್ಲೆಯೊಳಗಿದ್ದ ಕಾಲದಲ್ಲಿ ಈ ಕಡೆಯ ಮಕ್ಕಳು ಹರಡಿದ ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ಕಲಿಯುತ್ತಿದ್ದರು, ದೊಡ್ಡವರು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು ಎಂದು ಎಲ್ಲೋ ಓದಿದ್ದು ನೆನಪಾಯಿತು. ಅದೇ ಶಾಲೆಗಳಲ್ಲಿ ಅರ್ಥ ತಿಳಿಯದ ಪದ್ಯಗಳನ್ನು ಗಿಳಿಗಳಂತೆ ಒಪ್ಪಿಸುತ್ತಿದ್ದರು ಎಂದೂ ಓದಿದ್ದೆ. ಅಂದರೆ ಬೆರಳೂ ನಮ್ಮದೇ, ಕೂಗೂ ನಮ್ಮದೇ. ಬೆರಳನ್ನು ಮೂಲೆಗೆ ಹಾಕಿ ಕೂಗಿಗೆ ಮೈಕು ಕಟ್ಟಿದ್ದೇವೆ. ಅದರ ಹೆಸರು ಪ್ರಗತಿ.

ಮನೆಗೆ ಬಂದವಳೇ ಭಾಗ್ಯಳನ್ನು ನಡುಮನೆಯ ಕಡಪಾ ಕಲ್ಲಿನ ನೆಲದ ಮೇಲೆ ಕೂರಿಸಿ ಸೀಮೆಸುಣ್ಣ ಹಿಡಿದೆ. ಹೊಸದಾಗಿ ತಿಳಿದವರಿಗೆ ಇರುವ ಉಬ್ಬು ನನಗಿತ್ತು. ಚೌಕ ಎಳೆದೆ, ಬಲಕ್ಕೆ ಒಂದು ಪಟ್ಟಿ ಎಳೆದೆ, "ಈಗ ನೋಡು, ಗಮನ ಇಟ್ಟು ಕೇಳು, ಇಲ್ಲಿ ಒಂದು..." ಎಂದು ದೊಡ್ಡ ಉಪನ್ಯಾಸ ಶುರು ಮಾಡಿದೆ.

"ತಡಿ ಅತ್ತಿ," ಎಂದಳು. "ಮಾತಾಡಬ್ಯಾಡ."

ಆಕೆ ಬಗ್ಗಿ ನೋಡಿದಳು. ಮೇಲೊಂದು ಪಟ್ಟಿಯನ್ನು ತಾನೇ ಎಳೆದಳು. ಮೂಲೆಯನ್ನು ನೋಡಿದಳು, ಕಣ್ಣು ಕಿರಿದು ಮಾಡಿದಳು, ಮೂಲೆ ಮುಚ್ಚಿದಳು. ಆಮೇಲೆ ಪಟ್ಟಿಗಳ ಮೇಲೆ ಕೈಯಿಟ್ಟು, ಬಹಳ ಮೆಲ್ಲಗೆ, "ಒಂದು... ಎರಡು," ಎಂದಳು. ಯಾರೂ ಮೈಕು ಕಟ್ಟಿರಲಿಲ್ಲ. ಆದರೂ ನನಗೆ ಚೆನ್ನಾಗಿ ಕೇಳಿಸಿತು.

ವೀರೇಶ ಪೇಪರು ಓದುವವನಂತೆ ಕೂತು ಎಲ್ಲವನ್ನೂ ನೋಡುತ್ತಿದ್ದ. "ಏನದು?" ಎಂದ.

"ನಿನ್ನ ಗೋದಾಮು," ಎಂದೆ. ನಾನು ಯಾಕೆ ಹಾಗೆಂದೆನೋ ಗೊತ್ತಿಲ್ಲ. ಅವನು ಹತ್ತಿಯ ಗೋದಾಮಿನ ಜಾಗವನ್ನು ಪೂರ್ವಕ್ಕೊಂದಿಷ್ಟು, ಉತ್ತರಕ್ಕೊಂದಿಷ್ಟು ಹೆಚ್ಚಿಸಿಕೊಂಡಿದ್ದ, ಅದೇ ನೆನಪಾಗಿರಬೇಕು. ಅವನು ಎದ್ದು ಬಂದು ನೆಲ ನೋಡಿದ.

"ಪೂರ್ವದ ಪಟ್ಟಿ," ಎಂದ ಕಾಲಿನ ಹೆಬ್ಬೆರಳಿನಿಂದ ತೋರಿಸುತ್ತ. "ಉತ್ತರದ ಪಟ್ಟಿ. ಇದು ಈಶಾನ್ಯದ ಮೂಲಿ. ಅಯ್ಯೋ, ಈ ಮೂಲಿಗೆ ನಾ ಎಷ್ಟು ತಿರುಗೀನಿ! ಎರಡೂ ಪಟ್ಟಿ ಕೊಟ್ಟವರು, ಮೂಲಿ ಬ್ಯಾರೇದವರದು ಅಂತ ಹೇಳಲೇ ಇಲ್ಲ. ಮೂಲಿ ಇಲ್ಲದ ಗ್ವಾಡಿ ಹೆಂಗ ಕಟ್ಟಲಿ?"

"ಅದು ಬಿ ಸ್ಕ್ವೇರ್ ಅಪ್ಪಾ," ಎಂದಳು ಭಾಗ್ಯ.

"ಬಿ ಸ್ಕ್ವೇರ್ ಆಗ್ಲಿ, ಏನರ ಆಗ್ಲಿ, ಆ ಮೂಲಿ ಮನಶ್ಯಾ ಭಾಳ ಸತಾಯಿಸಿದ." ಹಾಗೆನ್ನುತ್ತ ಅವನ ಮುಖ ಬದಲಾಯಿತು. ಯಾರ್ಡಿನಲ್ಲಿ ತೂಕ ತಪ್ಪಿದಾಗ ಬರುವ ಮುಖ ಅದು. "ಅಂದ್ರ ಆಕಿ ಕೇಳಿದ್ದು ಸರಿನ ಐತಿ! ಅಲ್ಲಕ್ಕ, ಆ ಎರಡಕ್ಕ ಉತ್ತರ ಐತಿ! ಇದ್ದೂ ಕೂಡಾ ನನ್ನ ಮಗಳ್ನ ಹಂಗ ಕೂಡಿಸಿಬಿಟ್ರೇನು?"

ನನ್ನ ಸಿಟ್ಟು ಇಷ್ಟು ದಿನ ಒಂಟಿಯಾಗಿತ್ತು. ಈಗ ಅದಕ್ಕೆ ಜೊತೆ ಸಿಕ್ಕಿತು. ಜೊತೆ ನನಗಿಂತ ಗಟ್ಟಿ ದನಿಯದ್ದು.

ಸೋಮವಾರ ಬೆಳಿಗ್ಗೆ ಉಗ್ಗಾಣಿ ತಿನ್ನುವುದನ್ನೂ ಬಿಟ್ಟು ಇಬ್ಬರೂ ಕರೆಸ್ಪಾಂಡೆಂಟರ ಕೋಣೆಗೆ ಹೋದೆವು. ಎ.ಸಿ. ಹಾಕಿದ್ದರು. ಗೋಡೆ ತುಂಬ ರ‍್ಯಾಂಕು ಬಂದ ಮಕ್ಕಳ ಫೋಟೋಗಳು. "ರಂಡಿ ವೀರೇಶಪ್ಪಾ, ಕೂಡ್ರಿ," ಎಂದು ಅವರು ತೆಲುಗಿನ 'ಬನ್ನಿ'ಗೆ ಕನ್ನಡದ 'ಕೂಡ್ರಿ' ಕೂಡಿಸಿ ಸ್ವಾಗತಿಸಿದರು. "ಹುಡುಗಿ ಒಳ್ಳೇದೇ. ಆದ್ರ ಮಧ್ಯದಾಗ ಕೇಳಿದ್ರ ಕ್ಲಾಸಿನ ಫ್ಲೋ ಕೆಡ್ತೈತಿ. ಉಳಿದ ಮಕ್ಕಳು ಪಾಪ ಏನ್ ಮಾಡ್ಯಾರ ಹೇಳ್ರಿ?"

"ಫ್ಲೋ ಅಂದ್ರ?" ಎಂದ ವೀರೇಶ.

"ಅಂದ್ರ, ಪಾಠ ಓಡ್ತಿರ್ತೈತಿ..."

"ಓಡಿ ಎಲ್ಲಿಗೆ ಹೋಗ್ತೈತ್ರಿ?"

ಅವರು ನಕ್ಕರು. ವೀರೇಶ ನಗಲಿಲ್ಲ. "ಒಂದು ಕೆಲಸ ಮಾಡ್ರಿ," ಎಂದ. "ಆ ಎರಡು ಎಲ್ಲಿಂದ ಬಂತು ನೀವ ಹೇಳ್ರಿ. ಹೇಳಿದ್ರ ಸುಮ್ಮನ ಎದ್ದು ಹೋಗ್ತೀನಿ. ನನ್ನ ಮಗಳ್ನ ಯಾವ ಸೆಕ್ಷನ್ನಿಗೆ ಬೇಕಾದ್ರೂ ಹಾಕ್ರಿ."

"ಅದು ಫಾರ್ಮುಲಾ ಕದಾ, ಅಲ್ಲೇನ್ರಿ..."

"ಫಾರ್ಮುಲಾ ಯಾರ ಮನಿಂದ ಬಂತು? ನಾ ಒಂದು ಅಂಡಗಿ ಹತ್ತಿ ತಗೊಂಡ್ರ ಯಾವೂರದು, ಯಾರ ಹೊಲದ್ದು ಕೇಳಿ ತಗೋತೀನಿ. ನನ್ನ ಮಗಳು ಒಂದು ಎರಡನ್ನ ಕೇಳಬಾರದೇನ್ರಿ?"

ಕರೆಸ್ಪಾಂಡೆಂಟರು ಗಂಟೆ ಒತ್ತಿ ಮದ್ದಿಲೇಟಿ ಸಾರನ್ನು ಕರೆಸಿದರು. ಸಾರ್ ಬಾಗಿಲಲ್ಲಿ ನಿಂತು ಮೊದಲು ಮಾಲೀಕರ ಮುಖ ನೋಡಿದರು, ಗೊತ್ತಿದೆ ಎನ್ನಬೇಕೋ ಗೊತ್ತಿಲ್ಲ ಎನ್ನಬೇಕೋ ಎನ್ನುವ ಹಾಗೆ. "ಚೆಪ್ಪಂಡಿ," ಎಂದರು ಮಾಲೀಕರು, ಹೇಳಿ ಎಂದು. ಸಾರ್ ಒಂದು ಹಳೆಯ ಪ್ರಶ್ನೆಪತ್ರಿಕೆಯ ಬೆನ್ನಿನ ಮೇಲೆ ಚೌಕ ಎಳೆದರು, ಪಟ್ಟಿ ಎಳೆದರು, ಮೂಲೆ ಮುಚ್ಚಿದರು. ಅವರು ಹೇಳುವಾಗ ಅವರ ದನಿ ಬದಲಾದದ್ದನ್ನು ಗಮನಿಸಿದೆ. ಯಾರೂ ಬಾಲ ಹಿಡಿದು ಕೂಗಬೇಕಾಗಿರಲಿಲ್ಲ, ಆದ್ದರಿಂದ ಅವರು ತಮ್ಮ ವಾಕ್ಯಗಳನ್ನು ತಾವೇ ಪೂರ್ತಿ ಮುಗಿಸುತ್ತಿದ್ದರು.

ಮಾಲೀಕರು ಮುಂದಕ್ಕೆ ಬಗ್ಗಿದರು. ಕನ್ನಡಕ ಹಣೆಗೇರಿಸಿದರು. "ಓಹೋ," ಎಂದರು. ತುಂಬ ಸಣ್ಣ ಓಹೋ. ಅದು ನಟನೆಯಲ್ಲ. ಒಂದು ಕ್ಷಣ ಆ ದೊಡ್ಡ ಮನುಷ್ಯ ಎಂಟನೇ ಕ್ಲಾಸಿನಲ್ಲಿದ್ದ. ಆ ಕ್ಷಣದ ಮಟ್ಟಿಗೆ ನನಗೆ ಅವರ ಮೇಲಿದ್ದ ಸಿಟ್ಟು ಹೋಯಿತು.

ಮರುಕ್ಷಣ ಅವರೇ ಅದನ್ನು ಮರಳಿಸಿದರು. "ಇಂಥದ್ದನ್ನ ಡೆಮೋ ಕ್ಲಾಸಿಗೆ ಹಾಕಬ್ಯಾಡೇನಯ್ಯಾ? ಪೇರೆಂಟ್ಸ್ ಖುಷಿ ಆಗ್ತಿದ್ರಲ್ಲ! ಮುಂದಿನ ಸಲ ಚಾರ್ಟ್ ಮಾಡಿಸು, ಕಲರಿನ್ಯಾಗ." ಆಮೇಲೆ ನಮ್ಮ ಕಡೆ ತಿರುಗಿ, ಭಾಗ್ಯ ಫೌಂಡೇಶನ್ ಸೆಕ್ಷನ್ನಿನಲ್ಲೇ ಇರಲಿ, ಆದರೆ ಡೌಟುಗಳಿದ್ದರೆ ಶನಿವಾರದ ಡೌಟ್ ಕ್ಲಾಸಿನಲ್ಲಿ ಮಾತ್ರ ಕೇಳಲಿ ಎಂದರು.

"ಶನಿವಾರದ ತನಕ ತಡೀಲಿಲ್ಲಂದ್ರ?" ಎಂದ ವೀರೇಶ.

"ತಡೀಬೇಕು."

"ನಾನಂತೂ ತಡ್ಯಂಗಿಲ್ಲ. ಆಕಿ ನನ್ನ ಮಗಳು," ಎಂದು ಎದ್ದ. ಮದ್ದಿಲೇಟಿ ಸಾರ್ ನೆಲ ನೋಡುತ್ತ ನಕ್ಕದ್ದು ನಮಗಿಬ್ಬರಿಗೆ ಮಾತ್ರ ಕಂಡಿತು. ಶನಿವಾರದ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಹೀಗೆ ಭಾಗ್ಯಳ ಗಣಿತ ಉಳಿಯಿತು. ಇದನ್ನು ಗೆಲುವೆಂದು ಬರೆಯಲು ಕೈ ಬರುವುದಿಲ್ಲ. ತಂದೆಗೆ ಗೋದಾಮು ಇತ್ತು, ದನಿ ಇತ್ತು, ಯಾರ್ಡಿನಲ್ಲಿ ಹೆಸರಿತ್ತು. ಆದ್ದರಿಂದ ಆಕೆಯ ಎರಡಕ್ಕೆ ಉತ್ತರ ಸಿಕ್ಕಿತು. ಕೌತಾಳಂ ಬಸ್ಸಿನಿಂದ ಇಳಿದು ಬರುವ ಮಗು ಇದೇ ಪ್ರಶ್ನೆ ಕೇಳಿದ್ದರೆ ಅದು ಇಷ್ಟು ಹೊತ್ತಿಗೆ ಲೈಟ್ ಗಣಿತ ಮಾಡುತ್ತ ಕೂತಿರುತ್ತಿತ್ತು. ಎಷ್ಟು ಮಕ್ಕಳು ಹಾಗೆ ಕೂತಿದ್ದಾವೋ! ಅವಕ್ಕೆ ಬೇಸಿಕ್ಸ್ ವೀಕ್ ಅಂತೆ. ಬೇಸಿಕ್ಸ್ ಕೇಳಿದ್ದಕ್ಕೇ ಅಲ್ಲವೇ ಕೆಳಗಿಳಿಸಿದ್ದು?

ಕೋಪ ಹೆಚ್ಚಾಗುವ ಇನ್ನೊಂದು ಸಂಗತಿ ಹೇಳುತ್ತೇನೆ. ಮೊನ್ನೆ ಹಾಲಿಗೆ ಹೋಗುವಾಗ ಆ ಕಿಟಕಿಯಿಂದ ಹೊಸ ಪಾಠ ಕೇಳಿಸಿತು. ಡೆಮೋ ಕ್ಲಾಸಿಗೆ ತಯಾರಿ ಇರಬೇಕು. "ಟೂ ಎಲ್ಲಿಂದ ಬಂತು? ಟೂ ಸ್ಟ್ರಿ..." "ಪ್ಸ್!" "ಅರ್ಥಮಯ್ಯಿಂದಾ?" "ಅಯ್ಯಿಂದಿ ಸಾರ್!" ನಮ್ಮ ಹುಡುಗಿ ಎದೆಗಟ್ಟಿ ಮಾಡಿ ಕೇಳಿದ ಪ್ರಶ್ನೆಯನ್ನೂ ಇವರು ಅರ್ಧ ಮುರಿದು, ಉಳಿದರ್ಧ ಕೂಗಿಸಿ ಮುಗಿಸಿಬಿಟ್ಟಿದ್ದಾರೆ! ಹಾಲಿನ ಡಬ್ಬಿ ಹಿಡಿದು ರಸ್ತೆಯ ಮಧ್ಯೆ ನಿಂತು ನಾನು ಗಟ್ಟಿಯಾಗಿ ಏನೋ ಅಂದೆ. ಏನೆಂದೆ ಎಂಬುದನ್ನು ಡೈರಿಯಲ್ಲಿ ಬರೆದಿಲ್ಲ. ಈ ಸಲ ಮಾತ್ರ ನೆನಪು ಸ್ಪಷ್ಟವಾಗಿದೆ.

ನಿನ್ನೆ ಸಂಜೆ ಭಾಗ್ಯ ನನ್ನನ್ನು ನಡುಮನೆಗೆ ಕರೆದಳು. ಈಗ ಎ ಮೈನಸ್ ಬಿ ಬಂದಿದೆಯಂತೆ. ನೆಲದ ಮೇಲೆ ಚೌಕ ಎಳೆದು, ಒಂದು ಬದಿಯಿಂದ ಒಂದು ಪಟ್ಟಿ ಕತ್ತರಿಸಿದಳು, ಇನ್ನೊಂದು ಬದಿಯಿಂದ ಇನ್ನೊಂದು. "ಎರಡು ಪಟ್ಟಿ ತಗದ್ವಿ. ಸರಿ. ಆದ್ರ ಕೊನಿಗೆ ಬಿ ಸ್ಕ್ವೇರ್ ಕೂಡಿಸ್ತಾರ. ತಗಿಯೋ ಲೆಕ್ಕದಾಗ ಕೂಡಿಸೋದು ಯಾಕ?"

ಆಕೆಗೆ ಗೊತ್ತಿತ್ತು. ಕಣ್ಣಲ್ಲಿ ಹೊಳಪಿತ್ತು. ನನಗೆ ಗೊತ್ತಿರಲಿಲ್ಲ. ವೀರೇಶ ಈ ಪ್ರಶ್ನೆಗೆ ಹೆದರಿ ಗೋದಾಮಿನಲ್ಲಿ ಕೆಲಸವಿದೆಯೆಂದು ಆಗಲೇ ಹೋಗಿಬಿಟ್ಟಿದ್ದ. ನಾನು ಸುಮ್ಮನೆ "ಹ್ಞೂಂ, ಹ್ಞೂಂ" ಎಂದು ತಲೆಯಾಡಿಸಬಹುದಿತ್ತು, ಎಷ್ಟೋ ಸುಲಭ. "ತಿಳೀಲಿಲ್ಲ," ಎಂದೆ.

ಆಕೆ ಮತ್ತೆ ಹೇಳಲಿಲ್ಲ. ದನಿ ಏರಿಸಲಿಲ್ಲ. ನೆಲ ಒರೆಸಿ, ಸೀಮೆಸುಣ್ಣವನ್ನು ನನ್ನ ಕೈಯಲ್ಲಿಟ್ಟು, "ನೀ ಕತ್ತರ್ಸು," ಎಂದಳು.

ಚೌಕ ಎಳೆದೆ. ಮೊದಲ ಪಟ್ಟಿ ಕತ್ತರಿಸಿದೆ. ಎರಡನೆಯದನ್ನು ಕತ್ತರಿಸುತ್ತ ಮೂಲೆಗೆ ಬಂದಾಗ ಕೈ ನಿಂತಿತು. ಆ ಮೂಲೆಯನ್ನು ನಾನು ಆಗಲೇ ಒಂದು ಸಲ ಕತ್ತರಿಸಿಬಿಟ್ಟಿದ್ದೆ. ಎರಡನೆಯ ಸಲ ಕತ್ತರಿಸಬೇಕೆಂದರೆ ಅದನ್ನು ಮೊದಲು ವಾಪಸು ಇಡಬೇಕು. ತಲೆ ಎತ್ತಿ ಆಕೆಯನ್ನು ನೋಡಿದೆ. ಆಕೆ ಗಲ್ಲಕ್ಕೆ ಕೈ ಹಚ್ಚಿ, ತುಟಿ ಬಿಗಿಹಿಡಿದು, ಏನೂ ಹೇಳದೆ ಕಾಯುತ್ತಿದ್ದಳು.